ಎರಡನೆಯ ಸಹಿ ಯಾರದು?

ಗಣಕೀಕರಣ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ಕಳೆದ ತಿಂಗಳ ಹನ್ನೊಂದನೆಯ ತಾರೀಖು ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನಿಮ್ಮ ಇಲಾಖೆ ನನ್ನ ಅಕ್ಕನನ್ನು ಅನಕ್ಷರಸ್ಥೆ ಎಂದು ಘೋಷಿಸಿತು. ಸುದ್ದಿ ಅವಳ ಫೋನಿಗೆ ಒಂದೇ ಸಾಲಿನಲ್ಲಿ ಬಂತು: "ಗಣಕ ಸಾಕ್ಷರತಾ ಪರೀಕ್ಷೆ: ಅಭ್ಯರ್ಥಿ ಅನರ್ಹ." ಅದರ ಕೆಳಗೆ ಒಂದು ನಗುಮುಖ, ನಗುಮುಖದ ಪಕ್ಕ "ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ?" ಎಂಬ ಪ್ರಶ್ನೆ. ಅಕ್ಕ ಆ ಪ್ರಶ್ನೆಗೂ ಯೋಚಿಸಿ ಉತ್ತರ ಕೊಡಲು ಹೊರಟಿದ್ದಳು. ಪರೀಕ್ಷಾ ಕೇಂದ್ರದ ಹೊರಗೆ ಕಾಯುತ್ತಿದ್ದ ನಾನೇ ಫೋನನ್ನು ಕಿತ್ತುಕೊಂಡೆ.

ನೀವು ಅನರ್ಹ ಎಂದ ಹೆಂಗಸು ಯಾರೆಂದು ಮೊದಲು ಹೇಳುತ್ತೇನೆ. ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ, ಎಕ್ಸ್-ರೇ ಕೋಣೆಯ ಹಿಂದೆ, ಎರಡು ಮೆಟ್ಟಿಲು ಇಳಿದರೆ ಸಿಗುವ ಉದ್ದನೆಯ ಕೋಣೆಯೇ ರೆಕಾರ್ಡ್ ರೂಮು. ಅದನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿರುವವಳು ಅವಳು. ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಒಂದೇ ಕಿಟಕಿ, ಆ ಕಿಟಕಿಯ ಕೆಳಗೆ ಒಂದು ಮೇಜು. ಡಾಕ್ಟರರು, ದಾದಿಯರು, ಕಾವಲುಗಾರ ಎಲ್ಲರಿಗೂ ಅವಳು "ರೆಕಾರ್ಡ್ ಅಕ್ಕ". ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬರುತ್ತದೆ. ಬೇರೆ ಡಾಕ್ಟರರಿಗೂ ಅರ್ಥವಾಗದ ಡಾಕ್ಟರರ ಅಕ್ಷರವನ್ನು ಅವಳು ಸರಾಗವಾಗಿ ಓದುತ್ತಾಳೆ. ಇಂಥವಳು ಅನಕ್ಷರಸ್ಥೆಯಾದರೆ, ಅಕ್ಷರ ಎಂಬುದಕ್ಕೆ ನಿಮ್ಮ ಇಲಾಖೆ ಯಾವ ಅರ್ಥ ಇಟ್ಟುಕೊಂಡಿದೆ ಎಂದು ಕೇಳುವ ಹಕ್ಕು ಅವಳ ತಮ್ಮನಾದ ನನಗಿದೆ.

ನಾನು ಗಡಿಯಾರ ರಿಪೇರಿ ಮಾಡುವವನು. ನಿಮ್ಮ ಪರೀಕ್ಷೆಗೆ ಅಕ್ಕನನ್ನು ತಯಾರು ಮಾಡಿದವನೂ ನಾನೇ. ಅಂಗಡಿ ಮುಚ್ಚಿದ ಮೇಲೆ, ಭೂತಗನ್ನಡಿ, ಇಕ್ಕಳಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೂವರೆ ತಿಂಗಳು ಕೂತೆವು. ಮೌಸು ಹಿಡಿಯುವುದನ್ನು ಅವಳು ಎರಡು ದಿನದಲ್ಲಿ ಕಲಿತಳು. ನಾಲ್ಕನೆಯ ದಿನ ಲ್ಯಾಪ್‌ಟಾಪ್ ತಾನಾಗಿಯೇ ಹೊಸದಾಯಿತು. ನಾನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಪರದೆಯ ಎಡಗಡೆ ಇದ್ದ ಗುಂಡಿಗಳು ನಡುವಿಗೆ ಬಂದಿದ್ದವು. ಅಕ್ಕ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಮೂರು ಪುಟ ಒಂದೇ ಬೆಳಗಿಗೆ ಹಳೆಯದಾಯಿತು.

"ಲೋ, ಇದನ್ನ ಯಾರೋ ಜಾಗ ಬದಲಾಯಿಸಿದಾರೆ," ಎಂದಳು.

"ಅಪ್‌ಡೇಟ್ ಅಕ್ಕ. ಒಳ್ಳೇದಕ್ಕೇ ಮಾಡಿರ್ತಾರೆ."

"ನನ್ನ ರೂಮಲ್ಲಿ ರಾತ್ರೋರಾತ್ರಿ ಯಾರಾದ್ರೂ ಗಂಟುಗಳ ಜಾಗ ಬದಲಾಯಿಸಿದ್ರೆ ಅದನ್ನ ಕಳ್ಳತನ ಅಂತೀವಿ ಕಣೋ."

ಅವಳು ಬೈಯಲಿಲ್ಲ. ಮೂರು ಪುಟಗಳ ಮೇಲೆ ಅಡ್ಡಗೆರೆ ಎಳೆದು, ತಾರೀಖು ಹಾಕಿ, ಹೊಸದಾಗಿ ಬರೆದುಕೊಂಡಳು. ಬೈದವನು ನಾನು. ಕೈಗಡಿಯಾರ ಕೆಟ್ಟರೆ ಹಿಂದಿನ ಮುಚ್ಚಳ ತೆಗೆಯುತ್ತೇನೆ. ಹಲ್ಲು ಮುರಿದ ಚಕ್ರ ಕಾಣುತ್ತದೆ, ಒಣಗಿದ ಎಣ್ಣೆ ಕಾಣುತ್ತದೆ. ಏನು ತಪ್ಪಾಗಿದೆ ಎಂದು ಗಡಿಯಾರ ಮುಚ್ಚಿಡುವುದಿಲ್ಲ. ನಿಮ್ಮಂಥವರು ಮನೆಮನೆಗೆ ಹಂಚಿರುವ ಈ ಯಂತ್ರಗಳಿಗೆ ಬರುವ ವಾಕ್ಯ ಒಂದೇ: "ಏನೋ ತಪ್ಪಾಗಿದೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಏನೋ ಎಂದರೆ ಏನು ಸ್ವಾಮಿ? ಸ್ವಲ್ಪ ಎಂದರೆ ಎಷ್ಟು? ಗಿರಾಕಿಯ ಗಡಿಯಾರ ವಾಪಸು ಕೊಡುವಾಗ ನಾನು "ಏನೋ ತಪ್ಪಾಗಿದೆ, ನಿಮ್ಮದೇ ಕೈವಾಡ ಇರಬೇಕು, ಹೋಗಿ ಬನ್ನಿ" ಎಂದರೆ ಅವನು ನನ್ನನ್ನು ಸುಮ್ಮನೆ ಬಿಡುತ್ತಾನೆಯೇ? ನಿಮ್ಮನ್ನು ಮಾತ್ರ ನಾವು ಬಿಟ್ಟಿದ್ದೇವೆ, ಪದೇ ಪದೇ ಬಿಟ್ಟಿದ್ದೇವೆ. ಬಟ್ಟೆ ಒಗೆಯುವ ಯಂತ್ರ ಅಳುವ ಮಗುವಿನ ಹಾಗೆ ಕೂಗಿಕೊಂಡರೂ ಕಾರಣ ಹೇಳುವುದಿಲ್ಲ, ಟಿ.ವಿ. ಬೆಳಗಾಗೆದ್ದು ನಮ್ಮ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತಪ್ಪು ಎನ್ನುತ್ತದೆ. ನಾವು ಮಾತ್ರ ನಮಗೇ ಬುದ್ಧಿ ಸಾಲದು ಎಂದು ತಲೆ ತಗ್ಗಿಸುತ್ತೇವೆ.

ನನಗೆ ನೆನಪಿನ ಶಕ್ತಿ ಸ್ವಲ್ಪ ಜಾಸ್ತಿ. ನಮ್ಮೂರಿಗೆ ಮೊದಲ ಕಂಪ್ಯೂಟರ್ ಬಂದದ್ದು ಟೆಲಿಫೋನ್ ಕಚೇರಿಗೆ. ಅದಕ್ಕೆಂದೇ ಗಾಜಿನ ಕೋಣೆ ಕಟ್ಟಿದ್ದರು, ಚಪ್ಪಲಿ ಕಳಚಿ ಒಳಗೆ ಹೋಗಬೇಕಿತ್ತು. ಮನುಷ್ಯರು ಬೆವರುತ್ತಿದ್ದ ಕಟ್ಟಡದಲ್ಲಿ ಅದೊಂದಕ್ಕೆ ತಂಪು ಗಾಳಿ. ಅಂದು ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ, ಇನ್ನು ಮುಂದೆ ಯಂತ್ರವೇ ನಮ್ಮ ಮಾತು ಕಲಿಯುತ್ತದೆ, ನಾವು ಅದರ ಮಾತು ಕಲಿಯಬೇಕಾಗಿಲ್ಲ ಎಂದಿದ್ದರು. ಕೊನೆಯ ಸಾಲಿನಲ್ಲಿ ನಿಂತು ಕೇಳಿದ್ದೆ. ಈಗ ಪರೀಕ್ಷೆಗೆ ಕೂರುತ್ತಿರುವುದು ಯಂತ್ರವಲ್ಲ, ಅಕ್ಕ. ಮಾತು ತಿರುವುಮುರುವಾದದ್ದು ಯಾವಾಗ, ಯಾರ ಆದೇಶದ ಮೇಲೆ ಎಂದು ನಿಮ್ಮ ಕಡತಗಳಲ್ಲಿ ಎಲ್ಲಾದರೂ ಇದೆಯೇ?

ಇರಲಿ, ಪರೀಕ್ಷೆಗೆ ಬರುತ್ತೇನೆ. ನಲವತ್ತು ಪ್ರಶ್ನೆ, ಒಂದು ಗಂಟೆ. ಮೊದಲ ಆರನ್ನು ಅಕ್ಕ ಹತ್ತು ನಿಮಿಷದಲ್ಲಿ ಮುಗಿಸಿದ್ದಳು. ಏಳನೆಯ ಪ್ರಶ್ನೆ ಹೀಗಿತ್ತು: "ಪರದೆಯ ಮೇಲಿರುವ ಹಳೆಯ ಕಡತವನ್ನು ಕಸದ ಬುಟ್ಟಿಗೆ ಎಳೆದು ಹಾಕಿ, ಬುಟ್ಟಿಯನ್ನು ಖಾಲಿ ಮಾಡಿ." ಇದನ್ನು ಮುಗಿಸದೆ ಎಂಟನೆಯದು ತೆರೆಯದಂತೆ ನಿಮ್ಮವರು ವ್ಯವಸ್ಥೆ ಮಾಡಿದ್ದರು.

ಇಲ್ಲಿ ನೀವು ಒಂದು ವಿಷಯ ತಿಳಿಯಬೇಕು. ರೆಕಾರ್ಡ್ ರೂಮಿನ ಗೋಡೆಗೆ ಅಂಟಿಸಿದ ಒಂದು ನಿಯಮಾವಳಿ ಇದೆ, ಅಕ್ಕ ಕೆಲಸಕ್ಕೆ ಸೇರುವ ಮೊದಲಿನದು. ಅದರ ಪ್ರಕಾರ ಯಾವ ಕಾಗದವನ್ನೂ ಇಬ್ಬರ ಸಹಿ ಇಲ್ಲದೆ ನಾಶ ಮಾಡುವ ಹಾಗಿಲ್ಲ. ಮೊದಲ ಸಹಿ ಆಸ್ಪತ್ರೆಯ ಸೂಪರಿಂಟೆಂಡೆಂಟರದು. ಎರಡನೆಯದು ರೆಕಾರ್ಡ್ ನೋಡಿಕೊಳ್ಳುವವರದು, ಅದೂ ಕಾಗದವನ್ನು ಬಿಚ್ಚಿ ಓದಿದ ಮೇಲೆ. ಇಪ್ಪತ್ತಾರು ವರ್ಷ ಈ ನಿಯಮವನ್ನು ಉಸಿರಾಡಿದವಳ ಮುಂದೆ ನೀವು ಒಂದು ಕಡತ ಇಟ್ಟು, ಓದಲು ಬಿಡದೆ, ಬಿಸಾಕು ಎಂದಿರಿ.

ಅವಳು ಎಳೆದಳು. ಹಾಕಿದಳು. ಖಾಲಿ ಮಾಡು ಎಂಬುದನ್ನು ಒತ್ತಿದಾಗ ನಿಮ್ಮ ಯಂತ್ರ ಕೇಳಿತು: "ಇದನ್ನು ಶಾಶ್ವತವಾಗಿ ಅಳಿಸಲು ನೀವು ಖಚಿತವಾಗಿ ಬಯಸುವಿರಾ? ಹೌದು, ಇಲ್ಲ." ಅಕ್ಕ ಕೈಯೆತ್ತಿ ಮೇಲ್ವಿಚಾರಕಿಯನ್ನು ಕರೆದಳು.

"ಏನಾಯ್ತು ಆಂಟಿ?"

"ಎರಡನೇ ಸಹಿ ಯಾರದು?"

"ಯಾವ ಸಹಿ?"

"ಶಾಶ್ವತವಾಗಿ ಅಂತ ಕೇಳ್ತಿದೆಯಮ್ಮ. ಒಬ್ಬಳೇ ಹೆಂಗೆ ಹೌದು ಅನ್ನಲಿ? ಒಳಗೇನಿದೆ ಅಂತಾನೂ ತೋರಿಸ್ತಿಲ್ಲ."

"ಒಳಗೇನೂ ಇಲ್ಲ ಆಂಟಿ, ಅದು ಸುಮ್ನೆ ಚಿತ್ರ. ಹೌದು ಒತ್ತಿ, ಮುಂದೆ ಹೋಗಿ."

"ಏನೂ ಇಲ್ದಿದ್ರೆ ಯಾಕೆ ಕೇಳ್ಬೇಕು ಅದು?"

ಮೇಲ್ವಿಚಾರಕಿ ಒಳ್ಳೆಯ ಹುಡುಗಿಯಂತೆ, ನಗುತ್ತಾ ಮುಂದಿನ ಸಾಲಿಗೆ ಹೋದಳಂತೆ. ಅಕ್ಕ "ಇಲ್ಲ" ಒತ್ತಿದಳು. ಯಂತ್ರ ಮತ್ತೆ ಅದೇ ಪ್ರಶ್ನೆಗೆ ತಂದು ನಿಲ್ಲಿಸಿತು. ನೀವು ಕಳಿಸಿದ ಅಂಕಪಟ್ಟಿಯ ಪ್ರಕಾರ ಅಭ್ಯರ್ಥಿ ಹನ್ನೊಂದು ಬಾರಿ "ಇಲ್ಲ" ಒತ್ತಿದ್ದಾಳೆ. ಆಮೇಲೆ ಸಮಯ ಮುಗಿದಿದೆ. ನಲವತ್ತಕ್ಕೆ ಆರು ಅಂಕ. ಮಾನ್ಯರೇ, ಒಂದೇ ಉತ್ತರ ಸರಿಯಾಗಿದ್ದರೆ ಎರಡು ಗುಂಡಿ ಇಟ್ಟಿದ್ದು ಯಾಕೆ? "ಖಚಿತವಾಗಿ ಬಯಸುವಿರಾ" ಎಂದು ಕೇಳಿದವರು ನೀವು. ಖಚಿತವಾಗಿ ಬಯಸದ ಒಬ್ಬಳು ನಿಮ್ಮ ನಾಲ್ಕು ಸಾವಿರ ಅಭ್ಯರ್ಥಿಗಳಲ್ಲಿ ಸಿಕ್ಕಳು. ಪ್ರಶ್ನೆಯನ್ನು ನಿಜವಾಗಿ ಓದಿದವಳು ಬಹುಶಃ ಅವಳೊಬ್ಬಳೇ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನಗೂ ಸಿಟ್ಟು ಬಂತು, ಅವಳ ಮೇಲೆ. "ಅಕ್ಕ, ಬರೀ ಪರೀಕ್ಷೆ ಅದು. ಒತ್ತಿ ಬಿಡೋದಲ್ವಾ?"

"ಒತ್ತಬಹುದಿತ್ತು," ಎಂದಳು. "ಬೆರಳಿಗೆ ಅಭ್ಯಾಸ ಆಗಿಬಿಡುತ್ತೆ ಕಣೋ."

ಆ ದಿನ ಆ ಮಾತು ನನಗೆ ಅರ್ಥವಾಗಲಿಲ್ಲ. ಒಂದು ವಾರದ ಮೇಲೆ ಅರ್ಥವಾಗತೊಡಗಿತು.

ಅದಕ್ಕೆ ಮೊದಲು, ನಿಮ್ಮ ಮೇಲ್ಮನವಿಯ ವೆಬ್‌ಸೈಟಿನ ಕೃಪೆಯಿಂದ ನಾನು ಕಳೆದುಕೊಂಡ ಮೂರು ದಿನಗಳನ್ನೂ ಹೇಳಿಬಿಡುತ್ತೇನೆ. ಮೆಟ್ಟಿಲುಗಳಿರುವ ಚಿತ್ರಗಳನ್ನೆಲ್ಲ ಆರಿಸಲು ಹೇಳಿತು, ಆರಿಸಿದೆ. ಅಕ್ಕನ ಭಾವಚಿತ್ರ ಬಹಳ ದೊಡ್ಡದು ಎಂದಿತು. ಚಿಕ್ಕದು ಮಾಡಿದರೆ ಬಹಳ ಚಿಕ್ಕದು ಎಂದಿತು. ಅಕ್ಕನ ಫೋನಿಗೆ ಸಂಖ್ಯೆ ಕಳಿಸಿ ಮೂವತ್ತು ಸೆಕೆಂಡಿನಲ್ಲಿ ತುಂಬು ಎಂದಿತು. ಅಕ್ಕ ಇರುವುದು ಆಸ್ಪತ್ರೆಯ ನೆಲಮಾಳಿಗೆಯಂಥ ಕೋಣೆಯಲ್ಲಿ, ಸಿಗ್ನಲ್ ಹಿಡಿಯಲು ಅವಳು ಮೆಟ್ಟಿಲು ಹತ್ತಿ, ಎಕ್ಸ್-ರೇ ಕೋಣೆ ಸುತ್ತಿ, ಅಂಗಳಕ್ಕೆ ಬರಬೇಕು. ಬರುವಷ್ಟರಲ್ಲಿ ಸಂಖ್ಯೆ ಸತ್ತಿರುತ್ತಿತ್ತು. ಕೊನೆಗೆ ನಿಮ್ಮ ಕಚೇರಿಗೇ ಹೋದೆ. ಕೌಂಟರಿನಲ್ಲಿ ಮನುಷ್ಯನಿದ್ದ, ಅದೇ ಒಂದು ಸಮಾಧಾನ. "ಆನ್‌ಲೈನಲ್ಲಿ ಹಾಕಿ ಸಾರ್," ಎಂದ. "ಆನ್‌ಲೈನಲ್ಲಿ ಆಗಲ್ಲ ಅಂತ ಹೇಳೋಕೇ ಬಂದಿದೀನಿ," ಎಂದೆ. "ಆ ದೂರೂ ಆನ್‌ಲೈನಲ್ಲೇ ಸಾರ್," ಎಂದ. ಪಾಪ, ಅವನ ಮುಖದಲ್ಲಿ ನಗು ಇರಲಿಲ್ಲ.

ಈಗ ಆ ಒಂದು ವಾರದ ಮೇಲಿನ ಸಂಗತಿ. ಹದಿನೆಂಟನೆಯ ತಾರೀಖು ಒಬ್ಬ ಬಡಗಿ ಅಂಗೈ ಸೀಳಿಸಿಕೊಂಡು ಆಸ್ಪತ್ರೆಗೆ ಬಂದ. ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅರಿವಳಿಕೆ ಕೊಡುವ, ಈ ಆಸ್ಪತ್ರೆಗೆ ಹೊಸಬರಾದ ಡಾಕ್ಟರಮ್ಮ ನಿಮ್ಮ ಹೊಸ ವ್ಯವಸ್ಥೆಯಲ್ಲಿ ಅವನ ಹಳೆಯ ದಾಖಲೆ ತೆರೆದರು. ಒಂಬತ್ತು ವರ್ಷದ ಹಿಂದಿನ ಒಂದು ಹಾಳೆ ಬಂತು, ಸ್ವಚ್ಛವಾಗಿ, ಬಣ್ಣದಲ್ಲಿ. ಮೊದಲೊಮ್ಮೆ ಇದೇ ಆಸ್ಪತ್ರೆಯಲ್ಲಿ ಅವನಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಅಷ್ಟೇ. ಆದರೆ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಇತ್ತು. ಡಾಕ್ಟರಮ್ಮನಿಗೆ ಅದು ತಲೆ ತಿಂದಿತು. ರೆಕಾರ್ಡ್ ರೂಮಿಗೆ ಫೋನು ಮಾಡಿದರು.

ಅಕ್ಕ ಗಂಟು ಬಿಚ್ಚಿ, ಆ ಹಾಳೆ ಹಿಡಿದು ತಾನೇ ಮೇಲೆ ಓಡಿದಳು. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು: ಇಂಥ ಔಷಧಿ ಕೊಟ್ಟಾಗ ಈ ರೋಗಿಯ ಉಸಿರು ನಿಂತಿತ್ತು, ಇನ್ನೆಂದೂ ಕೊಡಕೂಡದು. ಅದೇ ಔಷಧಿ ಆಗಲೇ ಟ್ರೇಯ ಮೇಲೆ ಸಿದ್ಧವಾಗಿತ್ತು.

"ಇದು ಕಂಪ್ಯೂಟರಲ್ಲಿ ಯಾಕಿಲ್ಲ ಅಕ್ಕ?" ಡಾಕ್ಟರಮ್ಮ ಟ್ರೇಯನ್ನು ಪಕ್ಕಕ್ಕೆ ತಳ್ಳಿ ಕೇಳಿದರಂತೆ.

"ಇದು ಬೆನ್ನು, ಡಾಕ್ಟ್ರೇ. ಅವರು ಮುಖ ಮಾತ್ರ ತೆಗೆದಿದಾರೆ."

ಮಂಚದ ಮೇಲಿದ್ದ ಬಡಗಿ ಅಷ್ಟು ನೋವಿನಲ್ಲೂ, "ಹಲಗೆ ಕೊಳ್ಳುವಾಗ ನಾವೂ ಎರಡೂ ಬದಿ ನೋಡ್ತೀವಲ್ಲಕ್ಕ," ಎಂದನಂತೆ.

ಬೆನ್ನಿನ ಮೇಲೆ ಯಾಕೆ ಬರೆದರು ಎಂದು ನೀವು ಕೇಳಬಹುದು. ಹಿಂದೆ ಒಮ್ಮೆ ಕಾಗದದ ಅಭಾವ ಬಂದಾಗ ಹಾಳೆಯ ಎರಡೂ ಬದಿ ಬಳಸಬೇಕೆಂದು ಆದೇಶವಾಯಿತು. ಮುಂಬದಿಯಲ್ಲಿ ಅಚ್ಚಾದ ಚೌಕಗಳು ತುಂಬಿರುತ್ತಿದ್ದವು. ಹಾಗಾಗಿ ಜೋಪಾನವಾಗಿ ನೋಡಬೇಕಾದ ಸಂಗತಿಯನ್ನು ಹಿಂಬದಿಯಲ್ಲಿ ಕೆಂಪಿನಲ್ಲಿ ಬರೆದು, ಮುಂಬದಿಯಲ್ಲಿ ಬಾಣದ ಗುರುತು ಹಾಕುವ ರೂಢಿ ಬಂತು. ಕಾಗದ ಸಿಕ್ಕಿತು, ರೂಢಿ ಉಳಿಯಿತು. ಆಸ್ಪತ್ರೆಯ ಪ್ರತಿ ದಾದಿಗೂ ಇದು ಗೊತ್ತು. ನೀವು ಗುತ್ತಿಗೆ ಕೊಟ್ಟ ಕಂಪನಿಯವರು ಯಾವ ದಾದಿಯನ್ನೂ ಕೇಳಲಿಲ್ಲ. ಐದು ತಿಂಗಳು ಹಗಲಿಡೀ ಹಾಳೆಗಳನ್ನು ಯಂತ್ರಕ್ಕೆ ಉಣಿಸಿದರು. ಒಂದನ್ನೂ ತಿರುಗಿಸಲಿಲ್ಲ.

ಅನರ್ಹಳಾದ ನನ್ನ ಅಕ್ಕ ಆಮೇಲೆ ಏನು ಮಾಡಿದಳು ಗೊತ್ತೇ? ಎಂಟು ದಿನ ಊಟದ ಬಿಡುವಿನಲ್ಲಿ ನಿಮ್ಮದೇ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಕಡತ ಹುಡುಕಿ ತೆರೆದು, ಚಿತ್ರ ದೊಡ್ಡದು ಮಾಡಿ, ಪಕ್ಕದಲ್ಲಿ ಮೂಲ ಹಾಳೆ ಇಟ್ಟು ತಾಳೆ ನೋಡಿದಳು. ಮುನ್ನೂರು ಕಡತ. ಅವುಗಳಲ್ಲಿ ಎಪ್ಪತ್ತನಾಲ್ಕಕ್ಕೆ ಬೆನ್ನಿನ ಮೇಲೆ ಬರಹವಿತ್ತು. ಕಂಪ್ಯೂಟರಿನಲ್ಲಿ ಅವುಗಳಲ್ಲಿ ಒಂದೂ ಇಲ್ಲ. ಪಟ್ಟಿಯನ್ನು ಅವಳೇ ಟೈಪ್ ಮಾಡಿ, ಅವಳೇ ಮುದ್ರಿಸಿ, ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಳು. ಇಷ್ಟನ್ನೂ ಮಾಡಿದವಳಿಗೆ ನಿಮ್ಮ ದಾಖಲೆಯ ಪ್ರಕಾರ ಮೌಸು ಹಿಡಿಯಲು ಬರುವುದಿಲ್ಲ.

ಸೂಪರಿಂಟೆಂಡೆಂಟರು ಕೆಟ್ಟ ಮನುಷ್ಯರಲ್ಲ, ಅವಸರದಲ್ಲಿರುವ ಮನುಷ್ಯರು. "ಅಕ್ಕ, ಕಂಪನಿಯವರು ನೂರಕ್ಕೆ ನೂರು ಮುಗಿದಿದೆ ಅಂತ ಸರ್ಟಿಫಿಕೇಟು ಕೊಟ್ಟಾಗಿದೆ. ಇಲಾಖೆ ಒಪ್ಪಿಯೂ ಆಗಿದೆ," ಎಂದರು.

"ಮುಖ ನೂರಕ್ಕೆ ನೂರು ಸಾರ್. ಬೆನ್ನು ಸೊನ್ನೆ."

"ಮೇಲಕ್ಕೆ ಬರೀತೀನಿ."

ಬರೆದರು. ಮೇಲೆ ಎಂದರೆ ನೀವು. ನಿಮ್ಮ ಇಲಾಖೆಯ ಉತ್ತರ ಬಂತು, ಆ ಪತ್ರಕ್ಕಲ್ಲ. ಈ ತಿಂಗಳ ಮೂರನೆಯ ತಾರೀಖು ಎರಡು ಆದೇಶ ಒಟ್ಟಿಗೇ ಬಂದವು. ಒಂದು: ಗಣಕೀಕರಣ ಮುಗಿದಿರುವುದರಿಂದ ನಲವತ್ತು ವರ್ಷಗಳ ಕಾಗದವನ್ನು ಮೂವತ್ತನೆಯ ತಾರೀಖು ಲಾರಿಗೆ ತುಂಬಿ ಸುಡಲು ಕುಲುಮೆಗೆ ಕಳಿಸತಕ್ಕದ್ದು. ಎರಡು: ಅನರ್ಹ ಸಿಬ್ಬಂದಿಯನ್ನು ಅದೇ ಮೂವತ್ತಕ್ಕೆ ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ವರ್ಗಾಯಿಸತಕ್ಕದ್ದು.

ಮೊದಲ ಆದೇಶಕ್ಕೆ ಸೂಪರಿಂಟೆಂಡೆಂಟರು ಸಹಿ ಹಾಕಿ, ತಾವೇ ಎರಡು ಮೆಟ್ಟಿಲು ಇಳಿದು ಅಕ್ಕನ ಮೇಜಿಗೆ ತಂದರು. ಎರಡನೆಯ ಸಹಿ ಬೇಕಿತ್ತು.

"ಅನರ್ಹಳ ಸಹಿ ನಡೆಯುತ್ತಾ ಸಾರ್?"

"ನೀವು ಅನರ್ಹ ಆಗಿರೋದು ಕಂಪ್ಯೂಟರಿಗೆ ಅಕ್ಕ, ಪೆನ್ನಿಗಲ್ಲ."

"ಹಂಗಾದ್ರೆ ಓದಿ ಹಾಕ್ತೀನಿ. ನಿಯಮ ಹಂಗೇ ಇದೆ."

"ಎಷ್ಟು ದಿನ ಬೇಕು?"

ಅಕ್ಕ ರ‍್ಯಾಕುಗಳ ಕಡೆ ಕೈ ತೋರಿಸಿದಳು. "ನಲವತ್ತು ವರ್ಷದ್ದು ಸಾರ್. ನೀವೇ ಹೇಳಿ."

ಅವರು ಆದೇಶವನ್ನು ಮೇಜಿನ ಮೇಲೇ ಬಿಟ್ಟು ಹೋದರು. ಒತ್ತಾಯಿಸುವ ಅಗತ್ಯವೂ ಅವರಿಗಿರಲಿಲ್ಲ. ಯಾಕೆಂದರೆ ಕಾಯುವುದಷ್ಟೇ ಕೆಲಸ. ಮೂವತ್ತರ ಬೆಳಿಗ್ಗೆ ಅಕ್ಕ ಉಗ್ರಾಣದಲ್ಲಿ ದಿಂಬಿನ ಚೀಲ ಎಣಿಸುತ್ತಿರುತ್ತಾಳೆ. ಅವಳ ಮೇಜಿನ ಮುಂದೆ ನಿಮ್ಮ ಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತು ತೆಗೆದ ಯಾರೋ ಕೂತಿರುತ್ತಾರೆ. "ಖಚಿತವಾಗಿ ಬಯಸುವಿರಾ" ಎಂದರೆ "ಹೌದು" ಒತ್ತಬೇಕೆಂದು ಕಲಿತು ಬಂದ ಬೆರಳು ಅದು. ಲಾರಿ ಹೊರಗೆ ನಿಂತಿರುತ್ತದೆ. ಸಹಿ ಹಾಕಲು ಎಷ್ಟು ಹೊತ್ತು ಬೇಕು? ಅಕ್ಕ ಅಂದು ಹೇಳಿದ ಬೆರಳಿನ ಅಭ್ಯಾಸದ ಮಾತು ನನಗೆ ಈಗ ಪೂರ್ತಿ ಅರ್ಥವಾಗುತ್ತಿದೆ, ಅರ್ಥವಾದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ಆ ಕೋಣೆಯಲ್ಲಿ ಎಷ್ಟು ಬೆನ್ನುಗಳಿವೆ? ಅವುಗಳಲ್ಲಿ ಒಂದು ನನ್ನದು, ಹನ್ನೆರಡು ವರ್ಷದ ಹಿಂದಿನದು. ಬಹುಶಃ ನಿಮ್ಮ ಮನೆಯವರದೂ ಒಂದಿರಬಹುದು.

ಅಕ್ಕನಿಗೆ ಕಂಪ್ಯೂಟರಿನ ಮೇಲೆ ದ್ವೇಷವಿಲ್ಲ ಎಂಬುದನ್ನು ಬರೆಯಲೇಬೇಕೆಂದು ಅವಳು ಹೇಳಿದ್ದಾಳೆ. ಮೊನ್ನೆ ಸಂಜೆ ಕೂಡ ಅಂಗಡಿಗೆ ಬಂದು ಲ್ಯಾಪ್‌ಟಾಪ್ ತೆರೆದಳು. ಕಸದ ಬುಟ್ಟಿಯ ಮೇಲೆ ಬಲಗಡೆಯ ಗುಂಡಿ ಒತ್ತಿ ಏನೇನಿದೆ ಎಂದು ನೋಡಿದಳು. ಬಿಸಾಕಿದ್ದನ್ನು ಮತ್ತೆ ಮೊದಲಿದ್ದಲ್ಲಿಗೇ ಇಡುವ ಸೌಲಭ್ಯ ಅದರಲ್ಲಿದೆ ಎಂದು ನಾನು ಅವಳಿಗೆ ಕಲಿಸಿರಲಿಲ್ಲ. ತಾನೇ ಕಂಡುಕೊಂಡಳು. ಒಂದು ಕಡತ ಹಾಕಿದಳು, ವಾಪಸು ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು.

"ಒಳ್ಳೇ ಬುದ್ಧಿವಂತ ಕಣೋ ಇದನ್ನ ಮಾಡಿದೋನು," ಎಂದಳು. "ಮನುಷ್ಯ ಅವಸರದಲ್ಲಿ ತಪ್ಪು ಮಾಡ್ತಾನೆ ಅಂತ ಗೊತ್ತಿತ್ತು ಅವನಿಗೆ. ಕುಲುಮೆ ಮಾಡಿದೋನಿಗೆ ಗೊತ್ತಿರಲಿಲ್ಲ."

ಹೀಗಾಗಿ, ಮಾನ್ಯರೇ, ನನ್ನ ಬೇಡಿಕೆ. ಅಕ್ಕನಿಗೆ ಅರ್ಹತೆಯ ಪತ್ರ ಕೊಡಿ ಎಂದು ಕೇಳಲು ಕೂತವನು ನಾನು. ಬರೆಯುತ್ತಾ ಬರೆಯುತ್ತಾ ಅದು ಚಿಕ್ಕದಾಗಿಬಿಟ್ಟಿದೆ. ಬೇಕಾದರೆ ಅವಳನ್ನು ಉಗ್ರಾಣಕ್ಕೇ ಕಳಿಸಿ. ಇನ್ನೆರಡು ವರ್ಷದ ನೌಕರಿ, ಹೊದಿಕೆಗಳನ್ನೂ ಅವಳು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೆ ಲಾರಿಯನ್ನು ನಿಲ್ಲಿಸಿ. ಪ್ರತಿಯೊಂದು ಹಾಳೆಯ ಹಿಂಬದಿಯೂ ಯಂತ್ರದೊಳಗೆ ಹೋಗುವ ತನಕ, ಹೋಗಿದೆ ಎಂದು ಆ ಕೋಣೆಯನ್ನು ಬಲ್ಲವರು ತಾಳೆ ನೋಡಿ ಹೇಳುವ ತನಕ, ಒಂದು ಗಂಟೂ ಹೊಸ್ತಿಲು ದಾಟಬಾರದು. ನಂಬಿಕೆ ಬರದಿದ್ದರೆ ತಾವೇ ಬನ್ನಿ. ಎಕ್ಸ್-ರೇ ಕೋಣೆಯ ಹಿಂದೆ, ಎರಡು ಮೆಟ್ಟಿಲು. ಯಾವುದಾದರೂ ಗಂಟು ಬಿಚ್ಚಿ, ಯಾವುದಾದರೂ ಒಂದು ಹಾಳೆ ತೆಗೆದು, ತಿರುಗಿಸಿ. ಪಾಸ್‌ವರ್ಡ್ ಬೇಕಾಗಿಲ್ಲ.

ಈ ಪತ್ರವನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹಾಳೆಗಳ ಎರಡೂ ಬದಿಯಲ್ಲಿ ಬರೆದಿದ್ದೇನೆ. ನಿಮ್ಮವರು ರೂಢಿಯ ಪ್ರಕಾರ ಮುಖ ಮಾತ್ರ ಸ್ಕ್ಯಾನ್ ಮಾಡಿದರೆ ನಿಮಗೆ ನನ್ನ ಸಿಟ್ಟು ತಲುಪುತ್ತದೆ, ಬೇಡಿಕೆ ತಲುಪುವುದಿಲ್ಲ. ಬೇಡಿಕೆ ಬೆನ್ನಿನ ಮೇಲಿದೆ. ಮೂಲೆಯಲ್ಲಿ ಬಾಣದ ಗುರುತು ಹಾಕಿದ್ದೇನೆ.

ಇಂತಿ,
ನಿಮ್ಮ ಯಂತ್ರಗಳಿಗೆ ಏನು ತಪ್ಪಾಗಿದೆ ಎಂದು ಇನ್ನೂ ಹುಡುಕುತ್ತಿರುವ
ಒಬ್ಬ ಗಡಿಯಾರ ರಿಪೇರಿಯವನು

ಎರಡನೆಯ ಸಹಿ:
ಪೂರ್ತಿ ಓದಿದ್ದೇನೆ, ಎರಡೂ ಬದಿ. ನನ್ನ ತಮ್ಮ ಎರಡು ಕಡೆ ಖಾರವಾಗಿ ಬರೆದಿದ್ದ, ತೆಗೆಸಿದ್ದೇನೆ. ಉಳಿದದ್ದು ಸರಿಯಾಗಿದೆ. ಇದನ್ನು ನಾಶ ಮಾಡಬಾರದು.
ರೆಕಾರ್ಡ್ ರೂಮು (ಮೂವತ್ತನೆಯ ತಾರೀಖಿನವರೆಗೆ)